ಕೊಸರಿಗೆ ಬೆಲೆ ಬರೆಯಿರಿ

ಏಜೆಂಟ್ ಮುರುಗೇಶಪ್ಪ ಫೋನಿನಲ್ಲಿ ಹೇಳಿದ್ದು ಎರಡೇ ಮಾತು. "ನಿಮ್ಮ ದೊಡ್ಡವ್ವನ್ನ ಕರ್ಕಂಡು ಈಗಿಂದೀಗ್ಲೇ ಹಿರಿಯೂರಿಗೆ ಬಾ. ಕಂಬಳಿ ಗಂಟಿನಾಗೆ ಕಳ್ಳಮಾಲು ಸಿಕ್ಕೈತೆ."

ಎಂಥ ಕಳ್ಳಮಾಲು ಅಂತ ಕೇಳುವಷ್ಟರಲ್ಲಿ ಫೋನ್ ಇಟ್ಟುಬಿಟ್ಟ.

ದೊಡ್ಡವ್ವ ಅಂದರೆ ನಮ್ಮವ್ವನ ಅಕ್ಕ, ಬರಗೇರಮ್ಮ. ನಾನು ಹೋದಾಗ ಅಂಗಳದಲ್ಲಿ ಹುಣಸೆ ಬೀಜದ ಸರಿ ಕುದಿಸುತ್ತಿದ್ದಳು. ನೇಯ್ದ ಕಂಬಳಿಗೆ ಆ ಸರಿ ಬಳಿದು ಒಣಗಿಸಿದರೇನೇ ಅದು ಬಿಗಿಯಾಗುವುದು. ವಿಷಯ ಹೇಳಿದೆ. ಒಲೆಯಿಂದ ಕೊಳ್ಳಿ ಹಿರಿದು, ಕೈಗೆ ಮೆತ್ತಿದ್ದನ್ನು ಸೆರಗಿಗೆ ಒರೆಸಿಕೊಂಡು, ನನ್ನ ಲಗೇಜ್ ಆಟೋದಲ್ಲಿ ಬಂದು ಕೂತಳು.

"ಗಾಂಜಾ ಗೀಂಜಾ ಇಟ್ಟವರೇನೋ ಯಾರಾನ" ಅಂದಳು.

"ಯಾರು ಇಡ್ತಾರೆ ದೊಡ್ಡವ್ವ? ಗಂಟು ಕಟ್ಟಿದಾಕಿ ನೀನು, ಸಾಗಿಸಿದವನು ನಾನು."

"ಅದಕ್ಕೇ ಅಂದೆ. ನೀನೇ ಇಟ್ಟೀಯೇನೋ ಅಂತ."

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಹೊಸದುರ್ಗದ ಆಚೆಗಿನ ನಮ್ಮ ಹಟ್ಟಿಯಲ್ಲಿ ನೂಲುವವರು ಹೆಂಗಸರು, ನೇಯುವವರು ಗಂಡಸರು, ಮಡಚಿ ಗಂಟು ಕಟ್ಟುವವಳು ದೊಡ್ಡವ್ವ ಒಬ್ಬಳೇ. ಅವಳು ಕಟ್ಟಿದ ಗಂಟನ್ನು ಯಾವ ವ್ಯಾಪಾರಿಯೂ ಬಿಚ್ಚಿ ನೋಡಿದವನಲ್ಲ. ಸಂತೆಯಲ್ಲಿ ಗಂಟಿನ ಮೇಲೆ ಕೈಯಿಟ್ಟು "ಬರಗೇರಮ್ಮಂದು ಹೌದಾ" ಅಂತ ಒಂದು ಮಾತು ಕೇಳಿ ಎತ್ತಿಕೊಂಡು ಹೋಗುತ್ತಾರೆ. ಗಂಡ ಬಿಟ್ಟುಹೋದದ್ದು ಒಂದಷ್ಟು ಕುರಿ. ಅವೂ ಕರಗಿದವು. ಉಳಿದಿರುವುದು ಆ ಹೆಸರು. ಅಂಥವಳ ಗಂಟಿನಲ್ಲಿ ಕಳ್ಳಮಾಲಂತೆ. ಮಾರಿಕಣಿವೆ ದಾಟುವವರೆಗೂ ನನ್ನ ಹಲ್ಲು ಕಚ್ಚಿಕೊಂಡೇ ಇತ್ತು.

ನಮ್ಮ ಕಂಬಳಿ ಹೊರದೇಶಕ್ಕೆ ಹೊರಟಿದ್ದು ಇದೇ ಮೊದಲು. ಗಂಟಿಗೆ ಇಪ್ಪತ್ತರಂತೆ ಹತ್ತು ಗಂಟು. ಒಂದು ಕಂಟೇನರ್ ತುಂಬುವಷ್ಟು ಮಾಲು ನಮ್ಮಂಥವರ ಹತ್ತಿರ ಎಲ್ಲಿಂದ ಬರಬೇಕು? ಚಿತ್ರದುರ್ಗದಲ್ಲಿ ಆಫೀಸಿಟ್ಟಿರುವ ಏಜೆಂಟ್ ಮುರುಗೇಶಪ್ಪ ನಾಲ್ಕಾರು ಜನರ ಮಾಲನ್ನು ಕೂಡಿಸಿ ಒಂದು ಕಂಟೇನರ್ ಮಾಡಿಸುತ್ತಾನೆ. ಈ ಸಲದ್ದರಲ್ಲಿ ದುರ್ಗದ ಜಬೀವುಲ್ಲಾ ಸಾಬರ ಹಿತ್ತಾಳೆ ಗಂಟೆಗಳಿದ್ದವು, ಹೊಳಲ್ಕೆರೆಯ ಗೋವಿಂದಪ್ಪನ ತೆಂಗಿನ ಚಿಪ್ಪಿನ ಸೌಟುಗಳಿದ್ದವು, ಇನ್ನೂ ಏನೇನೋ. ಒಬ್ಬೊಬ್ಬರ ಮಾಲಿಗೂ ಒಂದೊಂದು ಕಾಗದ, ಎಲ್ಲವನ್ನೂ ಕೂಡಿಸಿ ಮೇಲೊಂದು ದೊಡ್ಡ ಕಾಗದ. ಒಬ್ಬನ ಕಾಗದ ತಪ್ಪಿದರೆ ದೊಡ್ಡ ಕಾಗದವೂ ತಪ್ಪಿತು. ಅದು ತಪ್ಪಿತೋ, ಎಲ್ಲರ ಮಾಲೂ ನಿಂತ ಜಾಗದಲ್ಲೇ ನಿಂತಿತು. ಬೆಂಗಳೂರಿಂದ ಕಸ್ಟಮ್ಸ್ ಸಾಹೇಬರು ಬಂದು, ಅಲ್ಲೊಂದು ಇಲ್ಲೊಂದು ಪೆಟ್ಟಿಗೆ ಬಿಚ್ಚಿಸಿ, ಒಳಗಿರುವುದು ಕಾಗದಕ್ಕೆ ಸರಿ ಹೊಂದಿದರೆ ಮಾತ್ರ ಸೀಲ್ ಹಾಕುತ್ತಾರೆ.

ಇಷ್ಟೂ ನನಗೆ ತಿಳಿದದ್ದು ಆವತ್ತು, ಹಿರಿಯೂರಿನ ಗೋಡೌನಿನಲ್ಲಿ ನಿಂತುಕೊಂಡು. ಮೊದಲೇ ತಿಳಿಸಬೇಕಾಗಿದ್ದವನು ಮುರುಗೇಶಪ್ಪ. ಗಂಟು ಕಟ್ಟುವ ದಿವಸ ಅವನು ಹಟ್ಟಿಗೆ ಬಂದಿದ್ದ. ಒಂದೊಂದನ್ನೂ ಎದುರಿಗೆ ಎಣಿಸಿ, ಎಣಿಸಿದ್ದೇನೆ ಅಂತ ಸಹಿ ಮಾಡುವುದು ಅವನ ಕೆಲಸ. ಅವನು ಬೇವಿನ ಮರದ ನೆರಳಿಗೆ ಕಾರು ನಿಲ್ಲಿಸಿಕೊಂಡು ಚಹಾ ಕುಡಿದ. "ಬರಗೇರಮ್ಮ ಕಟ್ಟಿದ ಮೇಲೆ ನಂದೇನೈತೆ ಬಿಡ್ರಿ" ಅಂದ. ಕಾರಿನ ಬಾನೆಟ್ ಮೇಲೆ ಕಾಗದ ಹರಡಿ ಸಹಿ ಹಾಕಿದ. ದೊಡ್ಡವ್ವ ಆ ಮಾತಿಗೆ ಉಬ್ಬಿಹೋಗಿ, ಬರಿಗೈಲಿ ಕಳಿಸಬಾರದು ಅಂತ ಅವನಿಗೊಂದು ಕಂಬಳಿ ಕೊಟ್ಟಳು. ಬೇಡ ಅನ್ನಲಿಲ್ಲ ಮಹಾರಾಯ.

ಗೋಡೌನಿರುವುದು ಹೆದ್ದಾರಿಯ ಪಕ್ಕ. ಬಾಗಿಲು ತೆರೆದ ಕಂಟೇನರ್, ಅರ್ಧ ತುಂಬಿದ್ದು, ಬಿಸಿಲಿಗೆ ಕಾದು ನಿಂತಿತ್ತು. ಹಮಾಲರು ಅದರ ನೆರಳಲ್ಲಿ ಬೀಡಿ ಸೇದುತ್ತ ಕೂತಿದ್ದರು. ನಮ್ಮ ಗಂಟುಗಳಲ್ಲಿ ಎರಡನ್ನು ಬಿಚ್ಚಿ ಸಿಮೆಂಟ್ ನೆಲದ ಮೇಲೆ ಹರವಿದ್ದರು. ಅವುಗಳ ಮೇಲೆ ಯಾರೋ ಚಪ್ಪಲಿ ಕಾಲಿಟ್ಟು ಹೋದ ಗುರುತಿತ್ತು. ದೊಡ್ಡವ್ವ ಮೊದಲು ಮಾಡಿದ್ದು ಆ ಧೂಳು ಕೊಡವಿದ್ದು.

ಮುರುಗೇಶಪ್ಪ ಮೇಜಿನ ಹಿಂದೆ ಕುರ್ಚಿಯಲ್ಲಿದ್ದ. ಕುರ್ಚಿಯ ಮೇಲೆ ನಮ್ಮದೇ ಕಂಬಳಿ ಹಾಸಿತ್ತು. ಕಪ್ಪು ಉಣ್ಣೆ, ಅಂಚಿಗೆ ಎರಡೆಳೆ ಕೆಂಪು. ನಮ್ಮ ಹಟ್ಟಿ ಬಿಟ್ಟರೆ ಆ ಅಂಚು ಬೇರೆಲ್ಲೂ ಇಲ್ಲ. ಅದರ ಮೇಲೆ ಕೂತೇ ಅವನು ಶುರು ಮಾಡಿದ.

"ಇಪ್ಪತ್ತು ಅಂತ ಬರ್ಸಿ ಇಪ್ಪತ್ತೊಂದು ತುಂಬೀರಲ್ಲಮ್ಮ. ಎರಡು ಗಂಟು ಬಿಚ್ಚಿದ್ರೆ ಎರಡ್ರಾಗೂ ಇಪ್ಪತ್ತೊಂದು. ಲೆಕ್ಕಕ್ಕಿಲ್ಲದ ಮಾಲು ದೇಶದಿಂದ ಆಚೆ ಕಳ್ಸೋದಕ್ಕೆ ಏನಂತಾರೆ ಗೊತ್ತೈತಾ? ಕಳ್ಳಸಾಗಣೆ ಅಂತಾರೆ."

ದೊಡ್ಡವ್ವನಿಗೆ ಜೀವ ಬಂದಹಾಗಾಯಿತು. "ಅಯ್ಯ ಶಿವನೆ, ಅದಾ? ಅದು ಕೊಸರು ಕಣಪ್ಪ. ನಾನು ಏನೋ ಎಂತೋ ಅಂತ ಎದೆ ಹಿಡ್ಕಂಡು ಬಂದೆ."

ಸೊಪ್ಪು ಮಾರುವವಳು ಕಟ್ಟಿನ ಮೇಲೆ ನಾಲ್ಕು ದಂಟು ಹಾಕುತ್ತಾಳೆ. ರಾಗಿ ಅಳೆಯುವವನು ಕಡೆಯ ಸೇರಿನ ಮೇಲೆ ಒಂದು ಬೊಗಸೆ ಸುರಿಯುತ್ತಾನೆ. ಗಂಟು ಕಟ್ಟುವ ದೊಡ್ಡವ್ವ ಎಣಿಸಿದ್ದರ ಮೇಲೆ ಒಂದು ಕಂಬಳಿ ಇಡುತ್ತಾಳೆ. ಇರುವುದರಲ್ಲಿ ಚೆಂದದ್ದನ್ನೇ ಇಡುತ್ತಾಳೆ. ಇಟ್ಟಿದ್ದೇನೆ ಅಂತ ಹೇಳುವುದಿಲ್ಲ. ಹೇಳಿದರೆ ಹಂಗಿಸಿದಂತೆ. ತೆಗೆದುಕೊಂಡವನು ಮನೆಗೆ ಹೋಗಿ ಬಿಚ್ಚಿದಾಗ ಅವನಿಗೇ ಗೊತ್ತಾಗಬೇಕು. ಅಷ್ಟೇ ಅದರ ಕಥೆ. ಸಂತೆಯಲ್ಲಿ ಹುಟ್ಟಿ ಬೆಳೆದ ಮುರುಗೇಶಪ್ಪನಿಗೆ ಇದು ಗೊತ್ತಿಲ್ಲದ್ದೇನಲ್ಲ.

"ಕೊಸರು ಗಿಸರು ಎಲ್ಲ ಹೊಸದುರ್ಗದ ಸಂತ್ಯಾಗಿಟ್ಕಳ್ರಿ" ಅಂದ ಅವನು. "ಇಲ್ಲಿ ಒಂದು ಹೆಚ್ಚಿದ್ರೂ ತಪ್ಪೇ, ಒಂದು ಕಮ್ಮಿ ಇದ್ರೂ ತಪ್ಪೇ. ನಿಮ್ಮಿಂದ ಎಲ್ಲಾರ ಮಾಲೂ ನಿಂತೈತೆ. ಹಡಗು ನಿಮ್ಮ ಕುರಿ ಮೇಯಿಸ್ಕಂಡು ಕಾಯ್ತಾ ನಿಂತಿರಲ್ಲ."

ಜಬೀವುಲ್ಲಾ ಸಾಬರು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದರು. ನಮ್ಮ ಕುರಿಗಳ ಕೊರಳಿಗೆ ಗಂಟೆ ಮಾಡಿಕೊಟ್ಟಿದ್ದು ಅವರು, ಅವರಿಗೂ ಮುಂಚೆ ಅವರ ಅಪ್ಪ. ಅವರಾದರೂ ನಮ್ಮ ಕಡೆ ಮಾತಾಡುತ್ತಾರೆ ಅಂದುಕೊಂಡಿದ್ದೆ. ಅವರು ಮೇಲೆ ಬಿದ್ದರು.

"ಏನಕ್ಕ ಇದು? ಆರು ತಿಂಗಳು ಕುಲುಮೆ ಮುಂದೆ ಬೆಂದು ಮಾಡಿದ್ದು ನನ್ನ ಮಾಲು. ನಿಮ್ಮ ಒಂದು ಕಂಬಳಿ ದೆಸೆಯಿಂದ ಇಲ್ಲೇ ಕೊಳೀಬೇಕಾ? ಯಾರಿಗೆ ಬೇಕಿತ್ತು ನಿಮ್ಮ ಧಾರಾಳ?"

"ಸಾಬ್ರೆ, ನಿಮ್ಮಂಗಡ್ಯಾಗೆ ಗಂಟೆ ತಗಂಡಾಗೆಲ್ಲ ಮರಿಗೆ ಅಂತ ಸಣ್ಣದೊಂದು ಮೇಲೆ ಹಾಕ್ತಿದ್ರಲ್ಲ" ಅಂದಳು ದೊಡ್ಡವ್ವ. ಚುಚ್ಚಿ ಅಂದದ್ದಲ್ಲ. ನೆನಪಾಗಿ ಅಂದದ್ದು.

ಸಾಬರ ಮುಖ ಒಂಥರಾ ಆಯಿತು. ಬೀಡಿ ಹುಡುಕುವ ನೆಪದಲ್ಲಿ ಜೇಬಿಗೆ ಕೈ ಹಾಕಿಕೊಂಡು ಆಚೆ ತಿರುಗಿದರು.

ಮುರುಗೇಶಪ್ಪ ಒಂದು ಹಾಳೆ ಮುಂದೆ ತಳ್ಳಿದ. ಮೊದಲೇ ಟೈಪ್ ಮಾಡಿಸಿಟ್ಟಿದ್ದ. "ಇಲ್ಲೊಂದು ಹೆಬ್ಬೆಟ್ಟು ಒತ್ತಿಬಿಡ್ರಿ. ಸಾಹೇಬ್ರ ಹತ್ರ ನಾನು ಮಾತಾಡ್ತೀನಿ. ಎಲ್ಲಾ ಸರಿ ಹೋಗುತ್ತೆ."

ದೊಡ್ಡವ್ವ ಹೆಬ್ಬೆಟ್ಟು ಒತ್ತುವವಳಲ್ಲ, ಸಹಿ ಮಾಡುವವಳು. ಅದನ್ನೂ ಅವನು ಕೇಳಿರಲಿಲ್ಲ. ನಾನು ಹಾಳೆ ಕಿತ್ತುಕೊಂಡೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ನಿಧಾನವಾಗಿ ಓದುತ್ತೇನೆ, ಆದರೆ ಪೂರ್ತಿ ಓದುತ್ತೇನೆ.

"ಸರಕನ್ನು ಏಜೆಂಟರು ಖುದ್ದಾಗಿ ಎಣಿಸಿ ಹೋದ ನಂತರ, ಅವರಿಗೆ ತಿಳಿಯದಂತೆ, ಮೋಸ ಮಾಡುವ ಉದ್ದೇಶದಿಂದ ಹೆಚ್ಚುವರಿ ಕಂಬಳಿಗಳನ್ನು ಬಚ್ಚಿಟ್ಟಿರುತ್ತೇನೆ" ಅಂತ ಓದಿದೆ. ಕೇಳಲಿ ಅಂತ ಜೋರಾಗಿಯೇ ಓದಿದೆ. ಹಮಾಲರು ತಿರುಗಿ ನೋಡಿದರು.

"ಯಾವಾಗ ಎಣಿಸಿದ್ರಿ ಮುರುಗೇಶಪ್ಪನೋರೇ? ಚಹಾ ಲೋಟದಾಗೆ ಎಣಿಸಿದ್ರಾ?"

"ಲೇ, ದನಿ ಇಳ್ಸು. ಒಳಗೆ ಸಾಹೇಬ್ರು ಊಟ ಮಾಡ್ತಾ ಅವ್ರೆ."

"ಮೋಸ ಮಾಡೋ ಉದ್ದೇಶ ಅಂದ್ರೆ ಏನು? ಹೆಚ್ಚಿಗೆ ಕೊಟ್ಟು ಮೋಸ ಮಾಡಿದವರನ್ನ ನೀವು ಎಲ್ಲಿ ನೋಡೀರಿ?"

"ಅದು ಬರಿಯೋ ಕ್ರಮ ಕಣಪ್ಪ, ಹಂಗೇ ಬರೀಬೇಕು. ಒತ್ತಿಲ್ಲ ಅಂದ್ರೆ ನಿಮ್ಮ ಗಂಟಷ್ಟೂ ಆಚೆಗೆ ಹಾಕ್ತೀನಿ. ಇನ್ನು ಮೇಲೆ ನಿಮ್ಮ ಹಟ್ಟಿ ಮಾಲನ್ನ ಯಾವ ಏಜೆಂಟೂ ಮುಟ್ಟದಂಗೆ ಮಾಡ್ತೀನಿ. ನಿಮ್ಮೋರಿಗೆ ನೀವೇ ಹೋಗಿ ಹೇಳ್ಕಳ್ರಿ, ಯಾರ ದೆಸೆಯಿಂದ ಹಿಂಗಾತು ಅಂತ."

ದೊಡ್ಡವ್ವ ಹಾಳೆಯನ್ನೇ ನೋಡುತ್ತಿದ್ದಳು. ಅವಳ ಕಣ್ಣ ಮುಂದೆ ಇಡೀ ಹಟ್ಟಿ ಬಂದು ನಿಂತಿದೆ ಅಂತ ನನಗೆ ತಿಳಿಯಿತು. ಒಂದು ಚಳಿಗಾಲ ಪೂರ್ತಿ ಮಗ್ಗದಲ್ಲಿ ಕೂತ ಗಂಡಸರು, ತಕಲಿ ತಿರುಗಿಸಿ ಬೆರಳು ಸವೆಸಿಕೊಂಡ ಹೆಂಗಸರು. ಎಲ್ಲರ ಕಂಬಳಿ ಈ ಒಂದು ಸಹಿಗೆ ಕಾಯುತ್ತಿತ್ತು. ಅವಳು ಮೆಲ್ಲಗೆ ಅಂದಳು, "ಪೆನ್ನು ಕೊಡಪ್ಪ."

ಆಗ ನನಗೆ ಏನಾಯಿತೋ. ಹಾಳೆಯನ್ನು ಮುದುರಿ ಹಿಡಿದುಕೊಂಡು ನೆಟ್ಟಗೆ ಒಳಗೆ ನುಗ್ಗಿದೆ. ಮುರುಗೇಶಪ್ಪ ಹಿಂದಿನಿಂದ ಅಂಗಿ ಹಿಡಿದ. ಹೊಲಿಗೆ ಹರಿದ ಸದ್ದು ಕೇಳಿಸಿತು. ಹರಿಯಲಿ.

ಕಸ್ಟಮ್ಸ್ ಸಾಹೇಬರು ಸ್ಟೀಲ್ ಡಬ್ಬಿಯಿಂದ ಮೊಸರನ್ನ ಉಣ್ಣುತ್ತಿದ್ದರು. ಕನ್ನಡಕ ಹಾಕಿದ ಸಣಕಲು ಮನುಷ್ಯ. ನಾನು ಹಾಳೆ ಮೇಜಿನ ಮೇಲಿಟ್ಟು, "ಇದನ್ನ ಬರೀರಿ ಅಂತ ನೀವು ಹೇಳಿದ್ರಾ?" ಅಂತ ಕೇಳಿದೆ. ಸ್ವಾಮಿ, ಸಾರ್ ಏನೂ ಅನ್ನಲಿಲ್ಲ.

ಅವರು ಎಡಗೈಯಲ್ಲಿ ಹಾಳೆ ನೆಟ್ಟಗೆ ಮಾಡಿಕೊಂಡು ಓದಿದರು. "ನಾನು ಹೇಳಿಲ್ಲ. ಹೆಚ್ಚಿಗೆ ಯಾಕಿದೆ ಅಂತ ಕಾರಣ ಕೇಳಿದ್ದೆ, ಅಷ್ಟೇ. ಯಾರು ಕಟ್ಟಿದ್ದು?"

ದೊಡ್ಡವ್ವ ಬಾಗಿಲಿಗೆ ಬಂದು ನಿಂತಿದ್ದಳು. "ನಾನೇ ಸ್ವಾಮಿ. ಊಟ ಮುಗ್ಸಿಕಳ್ರಿ, ಆಮ್ಯಾಲೆ ಹೇಳ್ತೀನಿ."

"ಪರವಾಗಿಲ್ಲ ಹೇಳಿ. ಕಟ್ಟುವಾಗ ಇವರು ಬಂದು ಎಣಿಸಿದ್ರಾ?"

"ಬಂದಿದ್ರು. ಎಣಿಸೋದೇನೂ ಬ್ಯಾಡ ಅಂದ್ರು, ನಮ್ಮ ಮ್ಯಾಲೆ ಅಷ್ಟು ನಂಬಿಕೆ." ಅವಳ ದನಿಯಲ್ಲಿ ಈಗಲೂ ಹೆಮ್ಮೆ ಇತ್ತು. "ನಾನೂ ಬರಿಗೈಲಿ ಕಳಿಸ್ಲಿಲ್ಲ. ಅಗೋ, ಅವರ ಕುರ್ಚಿ ಮ್ಯಾಲೆ ಹಾಕ್ಯಂಡವ್ರಲ್ಲ."

ಸಾಹೇಬರು ಬಗ್ಗಿ ಬಾಗಿಲಾಚೆ ಕುರ್ಚಿ ನೋಡಿದರು. ಮುರುಗೇಶಪ್ಪನನ್ನೂ ನೋಡಿದರು. ಈಗ ಬಿತ್ತು ಇವನಿಗೆ ಅಂದುಕೊಂಡೆ. ಏನೂ ಬೀಳಲಿಲ್ಲ. "ಮುಂದಿನ ಸಲ ಎಣಿಸಿ ಸಹಿ ಮಾಡ್ರಿ" ಅಂದರು, ಮೊಸರನ್ನದ ಕಡೆಯ ತುತ್ತು ಉಂಡರು, ಡಬ್ಬಿ ಮುಚ್ಚಿದರು. ಅವನಿಗೆ ಅಷ್ಟೇ. ನಮಗಾದರೆ ಕಳ್ಳಸಾಗಣೆ, ಹೆಬ್ಬೆಟ್ಟು, ಮೋಸದ ಉದ್ದೇಶ.

ಆದರೆ ಆ ಹಾಳೆಯನ್ನು ಮಾತ್ರ ಅವರು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. "ನೋಡಿಯಮ್ಮ, ಎರಡು ದಾರಿ ಇದೆ. ಕಾಗದ ತಿದ್ದಿಸಿ ಇಪ್ಪತ್ತೊಂದು ಅಂತ ಮಾಡಬಹುದು. ಇಲ್ಲ, ಹೆಚ್ಚಿಗೆ ಇರೋದನ್ನ ತೆಗೀಬಹುದು."

"ತಿದ್ದಿಸ್ರಿ ಸ್ವಾಮಿ. ಇದ್ದಿದ್ದು ಇದ್ದಂಗೆ ಬರ್ಕಳ್ರಿ."

"ಹಾಗಿದ್ರೆ ಆ ಒಂದೊಂದಕ್ಕೂ ಬೆಲೆ ಬರೀಬೇಕು."

"ಅದಕ್ಕೆ ಬೆಲೆ ಇಲ್ಲ. ಕೊಸರದು."

"ಬಿಟ್ಟಿ ಕೊಟ್ರೂ ಬೆಲೆ ಬರೀಬೇಕಮ್ಮ. ಸೊನ್ನೆ ಬರೆಯೋ ಹಾಗಿಲ್ಲ. ಆ ದೇಶದಲ್ಲಿ ಇಳಿಸಿಕೊಳ್ಳೋರು ಅದಕ್ಕೂ ಸುಂಕ ಕಟ್ಟಬೇಕಾಗುತ್ತೆ."

ದೊಡ್ಡವ್ವ ಹೊಸಲು ದಾಟಿ ಒಳಗೆ ಬಂದಳು. "ನಾನು ಕೊಸರು ಇಟ್ಟಿದ್ದಕ್ಕೆ ತಗಂಡೋರು ದಂಡ ಕಟ್ಟಬೇಕಾ?"

"ದಂಡ ಅಲ್ಲ, ಸುಂಕ."

"ಬೆಲೆ ಬರೆದ ಮ್ಯಾಲೆ ಅದು ಕೊಸರು ಹೆಂಗಾಗುತ್ತೆ ಸ್ವಾಮಿ? ನಿಮ್ಮ ಕಾಗದದಾಗೆ ಸುಮ್ಮನೆ ಕೊಟ್ಟಿದ್ದು ಅಂತ ಬರ್ಕಣಕ್ಕೆ ಒಂದು ಜಾಗ ಇಲ್ವಾ?"

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಕೆಟ್ಟವರಂತೆ ಕಾಣಲಿಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸಿತು. ಕೆಟ್ಟವನಾದರೆ ಬೈದಾದರೂ ಬಿಡಬಹುದು. "ಇಲ್ಲಮ್ಮ" ಅಂದರು. "ಆ ಕಾಲಮ್ ಇಲ್ಲ."

"ಹಂಗಾದ್ರೆ ತೆಗಿತೀನಿ" ಅಂದಳು ದೊಡ್ಡವ್ವ.

ಗಂಟುಗಳನ್ನು ಒಂದೊಂದಾಗಿ ನೆರಳಿಗೆ ತಂದೆವು. ಹಮಾಲರಿಗೆ ಹಗ್ಗ ಬಿಚ್ಚಲು ಅವಳು ಬಿಡಲಿಲ್ಲ. ತಾನು ಹಾಕಿದ ಗಂಟನ್ನು ತಾನೇ ಉಗುರಿನಿಂದ ಸಡಿಲಿಸಿ, ಮೇಲಿನ ಕಂಬಳಿ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಒಂದು ಸಲ ಕೈಯಾಡಿಸಿ, ಪಕ್ಕಕ್ಕಿಟ್ಟಳು. ಎಲ್ಲ ಕಂಬಳಿಯೂ ನಮ್ಮ ಕಣ್ಣಿಗೆ ಒಂದೇ. ಆದರೆ ಮೇಲಿನವು ಮರಿಯ ಮೊದಲ ಕತ್ತರಿಯ ಉಣ್ಣೆಯವು, ಕೈಗೆ ಮೆತ್ತಗೆ. ಅವನ್ನು ತೆಗೆದು, ಉಳಿದವನ್ನು ಮತ್ತೆ ಬಿಗಿದು ಕಟ್ಟಿದಳು. ಸಾಹೇಬರು ನಿಂತು ಎಣಿಸಿದರು.

ನಾಲ್ಕನೆಯದೋ ಐದನೆಯದೋ ಗಂಟು ಬಿಚ್ಚುವಾಗ ಜಬೀವುಲ್ಲಾ ಸಾಬರು ನನ್ನ ಪಕ್ಕಕ್ಕೆ ಬಂದರು. "ಲೇ ಕಾಟಲಿಂಗ" ಅಂದರು, ತುಟಿ ಅಲ್ಲಾಡಿಸದೆ. "ನನ್ನ ಪೆಟ್ಟಿಗ್ಯಾಗೂ ಅವೆ."

"ಏನು?"

"ಸಣ್ಣ ಗಂಟೆ. ಪೆಟ್ಟಿಗೆಗೊಂದು. ಅಭ್ಯಾಸ ನೋಡು, ಕೈ ತಾನೇ ಹಾಕಿಬಿಡುತ್ತೆ."

"ಮತ್ತೆ ನಮ್ಮ ದೊಡ್ಡವ್ವನ ಮೇಲೆ ಹಂಗೆ ಎಗರಾಡಿದ್ರಲ್ಲ ಸಾಬ್ರೆ?"

"ಹೆದರಿಕೆ ಕಣೋ. ನನ್ನ ಪೆಟ್ಟಿಗೆ ಕಡೆ ಯಾರೂ ನೋಡಬಾರದು ಅಂತ ಜೋರು ಮಾಡ್ದೆ."

"ಈಗ ನಾನು ಹೇಳಿಬಿಡ್ತೀನಿ."

"ಹೇಳು. ಹೇಳಿದ್ರೆ ನ್ಯಾಯಾನೇ."

ಬಾಯಿ ತೆಗೆದೆ. ಅಷ್ಟರಲ್ಲಿ ಅವರೇ ಸಾಹೇಬರ ಮುಂದೆ ಹೋಗಿ ನಿಂತಿದ್ದರು. "ಸಾರ್, ನನ್ನವೂ ಬಿಚ್ಚಬೇಕು. ಆ ಅಕ್ಕಂದು ಏನು ತಪ್ಪೋ, ನಂದೂ ಅದೇ."

ಮುರುಗೇಶಪ್ಪ ಹಣೆ ಚಚ್ಚಿಕೊಂಡ. ಸಾಬರ ಪೆಟ್ಟಿಗೆಗಳ ಎಣಿಕೆಗೂ ಸಹಿ ಮಾಡಿದ್ದವನು ಅವನೇ. ಸಾಹೇಬರು ಹೊಳಲ್ಕೆರೆಯ ಗೋವಿಂದಪ್ಪನಿಗೂ ಫೋನ್ ಮಾಡ್ರಿ ಅಂತ ಕೈಸನ್ನೆ ಮಾಡಿದರು. ಗೋವಿಂದಪ್ಪ ಫೋನಿನಲ್ಲಿ ಅಂದದ್ದು ನಮಗೆಲ್ಲ ಕೇಳಿಸಿತು: "ಹ್ಞೂಂ ಹಾಕೀನಿ, ಡಜನ್ನಿಗೊಂದು ಸೌಟು. ಯಾಕೆ, ಕಮ್ಮಿ ಆತಾ?"

ಹಮಾಲರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹೇಬರೂ ಮುಖ ತಿರುಗಿಸಿಕೊಂಡರು.

ಹೊತ್ತು ವಾಲುವಷ್ಟರಲ್ಲಿ ಕೊಸರೆಲ್ಲ ಆಚೆ ಬಂದಿತ್ತು. ಕಂಬಳಿಯ ಒಂದು ಗುಡ್ಡೆ, ಗಂಟೆಯ ಒಂದು ರಾಶಿ, ಸೌಟಿನದೊಂದು. ಕಂಟೇನರಿನ ಬಾಗಿಲು ಹಾಕಿ, ಸಾಹೇಬರು ಸೀಲ್ ಒತ್ತಿದರು. ಒಳಗೆ ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿಯಿಲ್ಲ. ಲಾರಿಗೆ ಎತ್ತಿದರು, ಹೋಯಿತು.

"ನಿಮ್ಮ ಕಂಬಳಿ ತಗಂಡು ಜಾಗ ಖಾಲಿ ಮಾಡ್ರಿ" ಅಂದ ಮುರುಗೇಶಪ್ಪ.

"ಕೊಡ್ತೀನಿ ಅಂತ ಇಟ್ಟಿದ್ದನ್ನ ಮನಿಗೆ ವಾಪಸ್ ಒಯ್ಯಲ್ಲ" ಅಂದಳು ದೊಡ್ಡವ್ವ. ಹಮಾಲರನ್ನು ಕರೆದಳು. "ಬರ್ರಪ್ಪ, ಹೊದ್ಕಳ್ರಿ. ನಿಮ್ಮ ಕೈ ಮುಟ್ಟಿದ ಮಾಲು." ಅವರು ಮೊದಲು ನಂಬಲಿಲ್ಲ. ಮುಂಗೈಗೆ ಉಣ್ಣೆ ತಾಗಿಸಿ ನೋಡಿದ ಮುದುಕನೊಬ್ಬ ಆ ಬಿಸಿಲಿನಲ್ಲೇ ಹೆಗಲಿಗೆ ಹಾಕಿಕೊಂಡ. ಆಮೇಲೆ ಉಳಿದವರು ಬಂದರು.

ನಾನು ಅಷ್ಟಕ್ಕೇ ಬಿಡುವವನಲ್ಲ. ಮುರುಗೇಶಪ್ಪ ಎದ್ದು ನಿಂತದ್ದೇ ತಡ, ಅವನ ಕುರ್ಚಿಯ ಮೇಲಿನ ಕಂಬಳಿಯನ್ನು ಜಗ್ಗಿ ಕಿತ್ತೆ. ಅವನ ಮೈಯ ಬೆವರು ಅದಕ್ಕೆ ಹತ್ತಿತ್ತು. "ಇದೂ ಲೆಕ್ಕಕ್ಕಿಲ್ಲದ್ದೇ. ಇದಕ್ಕೆ ಯಾವ ಕಾಗದ ಮಾಡಿಸಿದ್ರಿ?"

ಅವನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಹೊಡೆಯುತ್ತಿದ್ದೆ. ಕೈ ಅದಕ್ಕೇ ಕಾಯುತ್ತಿತ್ತು.

"ಲೇ" ಅಂದಳು ದೊಡ್ಡವ್ವ. "ಹಾಕು ಅದನ್ನ."

"ದೊಡ್ಡವ್ವ, ಇವನು ನಿನ್ನ ಕಳ್ಳಿ ಅಂತ ಬರೆಸಿದ್ದ."

"ಬರೆಸ್ಲಿ. ನಾನು ಕೊಟ್ಟಾಗ ಇವನು ಒಳ್ಳೇನು ಅಂತ ಕೊಟ್ಟೆನಾ? ಮನಿಗೆ ಬಂದಿದ್ದ, ಕೊಟ್ಟೆ. ಈಗ ಕಿತ್ಕಂಡ್ರೆ ಆವತ್ತು ಕೊಟ್ಟಿದ್ದೂ ಸುಳ್ಳಾಗುತ್ತೆ. ಹಾಕು."

ನಾನು ನಿಂತೇ ಇದ್ದೆ.

"ನನ್ನ ಹೆಸರು ಉಳಿಸಾಕೆ ತಾನೇ ನೀನು ಒಳಗೆ ನುಗ್ಗಿದ್ದು? ಹಾಕಪ್ಪ."

ಹಾಕಿದೆ. ಸುಕ್ಕು ಬಿಡಿಸಿ, ಕೆಂಪು ಅಂಚು ಮುಂದೆ ಬರುವ ಹಾಗೆ, ನನ್ನ ಕೈಯಾರೆ ಹಾಸಿದೆ. ಮುರುಗೇಶಪ್ಪನಿಗೆ ನಾಚಿಕೆಯಾಗುತ್ತದೆ, ನಿಂತೇ ಇರುತ್ತಾನೆ ಅಂದುಕೊಂಡಿದ್ದೆ. ಅವನು ಒಂದು ಕ್ಷಣ ಅದನ್ನು ನೋಡಿದ. ಆಮೇಲೆ ಕೂತ.

ಹೊರಡುವಾಗ ಜಬೀವುಲ್ಲಾ ಸಾಬರು ತಮ್ಮ ಗಂಟೆಗಳನ್ನೆಲ್ಲ ಒಂದು ಗೋಣಿಗೆ ಸುರಿದು ಆಟೋದ ಹಿಂದೆ ಇಟ್ಟರು. "ಮರಿಗಳಿಗೆ ಕಟ್ಟಕ್ಕ. ನಾನೂ ವಾಪಸ್ ಒಯ್ಯಲ್ಲ" ಅಂದು ಬಸ್ಸಿಗೆ ನಡೆದರು.

"ಮರಿ ಎಲ್ಲಿ ಅವೆ ಸಾಬ್ರೆ ಈಗ" ಅಂದಳು ದೊಡ್ಡವ್ವ. ಅವರಿಗೆ ಕೇಳಿಸಲಿಲ್ಲ.

ಮಾರಿಕಣಿವೆಯವರೆಗೂ ನಾನೇ ಮಾತಾಡಿದೆ. ಮುರುಗೇಶಪ್ಪನ ಅಪ್ಪ, ಅಜ್ಜ ಎಲ್ಲರನ್ನೂ ಬೈದೆ. ಆ ಹಾಳೆ ಹರಿದುಹಾಕಿಸಿದ್ದು ನಾನು, ನಿನ್ನ ಹೆಸರಿಗೆ ಒಂದು ಚುಕ್ಕೆ ಬೀಳಲಿಲ್ಲ ನೋಡು ಅಂದೆ. ಅವಳು ರಸ್ತೆ ನೋಡುತ್ತಿದ್ದಳು.

"ಮುಂದಿನ ಸಲ ಆಚೆ ದೇಶದ ಗಂಟು ನೀನೇ ಕಟ್ಟು ಕಾಟಲಿಂಗ" ಅಂದಳು.

"ಯಾಕೆ? ನೀನು ಕಟ್ಟಿದ್ದು ಅಂದ್ರೇನೇ ಅಲ್ವಾ ಅದರ ಬೆಲೆ?"

"ಬರೀ ಎಣಿಸಿ ಕಟ್ಟೋದು ನನ್ನ ಕೈಗೆ ಬರಲ್ಲ. ನೀನಾದ್ರೆ ಸಿಟ್ಟಿನೋನು, ಒಂದೂ ಹೆಚ್ಚಿಗೆ ಹೋಗಲ್ಲ."

ಗೇರ್ ಬದಲಿಸಿ ಆಕ್ಸಿಲೇಟರ್ ತುಳಿದೆ. ರಸ್ತೆಯ ಒಂದೊಂದು ಗುಂಡಿಗೂ ಹಿಂದೆ ಗೋಣಿಯೊಳಗಿನ ಗಂಟೆಗಳೆಲ್ಲ ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಹೊಲದಲ್ಲಿದ್ದ ಜನ ಕುರಿಮಂದೆ ಬಂತು ಅಂತ ತಲೆಯೆತ್ತಿ ನೋಡುತ್ತಿದ್ದರು.